ಏಳನೆಯ ನಿಮಿಷ

ಟ್ರೋಂದುರ್ ಬಂದದ್ದು ಬೆಳಗಿನ ಏಳೂಕಾಲಿಗೆ,
ರಾತ್ರಿಪಾಳಿ ಮುಗಿಸಿ, ಬೂಟಿನಲ್ಲಿ ಇನ್ನೂ ಸುರಂಗದ ಕೆಸರು.
ಟೋರ್ಸ್‌ಹಾವ್ನ್ ಬಂದರಿನ ದೀಪ ಆರಿರಲಿಲ್ಲ.
ಕಡಲ ತಳದ ರಸ್ತೆಯನ್ನು ತೊಳೆಯುವುದು ಅವನ ಕೆಲಸ.
ಕಾರು ಬಾರದ ಹೊತ್ತು ಗೋಡೆಗೆ ನೀರು ಹಾಯಿಸಿ,
ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಟ್ಟು,
ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ
ಎಂದು ಗುರುತು ಹಾಕುವುದು.

ಒಂದೂವರೆ ಲೀಟರು ಸಿಹಿನೀರು ಕೊಟ್ಟು
ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಎಂದೆ.
"ಇದಕ್ಕಿಂತ ಕುರಿ ತೊಳೆದ ನೀರು ವಾಸಿ" ಎಂದ.
ಕುಡಿದ. ನಡುನಡುವೆ ಹೊಟ್ಟೆ ಹಿಡಿದುಕೊಂಡು
ಗೋಡೆಯ ಮೇಲಿನ ದೋಣಿಯ ಚಿತ್ರ ನೋಡಿದ.

ನಮ್ಮ ದ್ವೀಪಗಳಲ್ಲಿ ಈ ಬೇನೆ ಕೇರಿಗೊಬ್ಬರಿಗೆ.
ಏಕೆಂದು ಯಾರಿಗೂ ಗೊತ್ತಿಲ್ಲ.
ರಕ್ತ ಎನ್ನುವರು, ಊಟ ಎನ್ನುವರು, ಗಾಳಿ ಎನ್ನುವರು.
ನನ್ನಜ್ಜಿಯ ಅಕ್ಕ ಇದರಲ್ಲೇ ಹೋದವಳಿರಬೇಕು.
ಆಗ ಇದಕ್ಕೆ ಹೆಸರಿರಲಿಲ್ಲ,
ತಿಂದದ್ದು ದಕ್ಕದವಳು ಎಂದಷ್ಟೇ ಅವಳ ಹೆಸರು.

ಕರುಳು ಅಲುಗದಿರಲೆಂದು ಒಂದು ಸೂಜಿ.
ಉಸಿರು ಹಿಡಿಯಿರಿ. ಬಿಡಿ. ಹಿಡಿಯಿರಿ.
ಯಂತ್ರ ಬಡಿಯತೊಡಗಿತು.
ಕೊಳವೆಯೊಳಗಿಂದ ಅವನ ದನಿ:
"ಹೇಳಮ್ಮ, ಟೊಳ್ಳೋ ಗಟ್ಟಿಯೋ?"

ಪರದೆಯ ಮೇಲೆ ಸುರುಳಿ ಸುರುಳಿ ಬೆಳ್ಳಗೆ ತುಂಬಿಕೊಂಡು
ಕೊನೆಯ ಗೇಣಿನಲ್ಲಿ ಮೊದಲೊಂದು ಉಬ್ಬು,
ಅದರಾಚೆ ದಾರಿ ದಾರವಾಗಿದೆ.

ಬಣ್ಣದ ಮದ್ದು ನರಕ್ಕಿಳಿದೊಡನೆ
ಕೆರಳಿದ ಮಾಂಸ ಹೊಳೆದುಬಿಡುತ್ತದೆ,
ಬೈದ ಕೂಡಲೇ ಕೆಂಪೇರುವ ಹುಡುಗನ ಹಾಗೆ.
ಕಲೆ ಹಾಗಲ್ಲ.
ಅದು ಕೇಳಿಸಿಕೊಂಡು ಸುಮ್ಮನಿರುತ್ತದೆ.
ಎಲ್ಲರೂ ಎದ್ದುಹೋದ ಮೇಲೆ
ನಿಧಾನ ಬೆಳಗುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ.
ಅದಕ್ಕೇ ಏಳು ನಿಮಿಷ ಕಾಯುವುದು.

ಎರಡನೆಯ ನಿಮಿಷ: ತಂಗಿಯ ಮದುವೆಯಲ್ಲಿ
ಬರೀ ಸಾರು ಕುಡಿದು ಕುಣಿದನಂತೆ.
ಮೂರನೆಯದು: ಏನೂ ಹೇಳಲಿಲ್ಲ.
ನಾಲ್ಕು: ರೂಬಾರ್ಬ್ ತಿನ್ನದೆ ಐದು ಬೇಸಿಗೆಯಾಯಿತು,
ಅಮ್ಮನ ಹಿತ್ತಲಲ್ಲಿ ಅದು ಆಳೆತ್ತರ ಬೆಳೆದು ಬೀಳುತ್ತದೆ.
ಐದನೆಯ ನಿಮಿಷಕ್ಕೆ, ಯಾರನ್ನೋ ಕುರಿತು, ಮೆಲ್ಲಗೆ:
"ಹೊಟ್ಟೆಗೆ ಹಾಕಿಕೊಂಡೆ ಅಂದುಕೊಂಡಿದ್ದೆ.
ಅಲ್ಲೇ ಇತ್ತು ನೋಡು."
ನಾನು ಗುಂಡಿ ಒತ್ತಿ, ಅಲುಗಬೇಡಿ ಎಂದೆ.

ಏಳು.
ಬೆಳಗಿತು. ಪೂರ್ತಿಯಲ್ಲ.
ಅರ್ಧ ಕೆಂಡ, ಅರ್ಧ ಕಲ್ಲು, ಒಂದರೊಳಗೊಂದು ಹೆಣೆದುಕೊಂಡು.
ಡಾಕ್ಟರ್ ರಾನ್ವೋ ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ನೋಡಿದಳು.
ಕೆಂಡಕ್ಕೆ ಚುಚ್ಚುಮದ್ದಿದೆ.
ಕಲ್ಲನ್ನು ಕರಗಿಸುವುದು ಇನ್ನೂ ಯಾರ ಬಳಿಯೂ ಇಲ್ಲ.
ನಾಲ್ಕು ಸೆಂಟಿಮೀಟರು, ಬಲೂನು ಬಿಟ್ಟು ಹಿಗ್ಗಿಸಿ ನೋಡೋಣ.
ಆಗದಿದ್ದರೆ ಕತ್ತರಿಸಿ ಹೊಲಿಯೋಣ.
ಹೊಲಿದ ಕಡೆಯೇ ಮತ್ತೆ ಬರಬಹುದು, ಅದನ್ನೂ ಹೇಳಿದಳು.

ಅವನು ಬೂಟಿನ ಲಾಡಿ ಬಿಗಿಯುತ್ತ ನಕ್ಕ.
"ಗಾಯ ಮಾಯಲಿ ಎಂದು ಹನ್ನೊಂದು ವರ್ಷ ಬೇಡಿದೆ.
ಮಾಯಿತು. ಸಾಕು ಎನ್ನಲು ಮಾತ್ರ
ಯಾರೂ ಅದಕ್ಕೆ ಕಲಿಸಿರಲಿಲ್ಲ."

ಬಲೂನು ಆಯಿತು, ಮಾರ್ಚಿಯಲ್ಲಿ.
ಜುಲೈನಲ್ಲಿ ಒಂದು ಜಾಡಿ ಜಾಮ್ ತಂದಿಟ್ಟ,
ನಾರನ್ನೆಲ್ಲ ಸೋಸಿ ತೆಗೆದದ್ದು.
ಅರ್ಧ ಚಮಚ ತಾನೂ ತಿಂದನಂತೆ, ರಾತ್ರಿಯಿಡೀ ಕಾದನಂತೆ.
ಏನೂ ಆಗಲಿಲ್ಲವಂತೆ.
ಮುಂದಿನ ವರ್ಷದ ತಾರೀಖು ಬರೆದುಕೊಟ್ಟೆ.

ಅಂದು ಸಂಜೆ ಕಡಲ ತಳದಿಂದ ಮನೆಗೆ ಬರುವಾಗ
ಮುಂದೆ ಯಾವುದೋ ಲಾರಿ ಕೆಟ್ಟು, ಸಾಲು ನಿಂತಿತು.
ಕಿಟಕಿಯ ಪಕ್ಕದ ಒದ್ದೆ ಗೋಡೆಯ ಮೇಲೆ
ಸೀಮೆಸುಣ್ಣದ ಒಂದು ಸೊನ್ನೆ, ಅವನದೇ ಇರಬೇಕು.
ಟೊಳ್ಳೆಂದೋ, ಗಟ್ಟಿಯೆಂದೋ,
ಕೇಳುವುದನ್ನೇ ಮರೆತಿದ್ದೆ.
ಗಾಜು ಇಳಿಸಿ, ಬೆರಳ ಗೆಣ್ಣಿನಲ್ಲಿ ಒಮ್ಮೆ ತಟ್ಟಿದೆ.